ಒಂಬತ್ತು ಐಬಿನ ಗಿಟಾರು

ಬೇಕಾದ ವಸ್ತುವನ್ನು ಕಂಡು 'ಆಹಾ' ಎನ್ನುವ ಮನುಷ್ಯ ಜೀವಮಾನದಲ್ಲಿ ಏನನ್ನೂ ಅಗ್ಗಕ್ಕೆ ಕೊಂಡಿರಲಾರ. ಇದು ನಾನು ಬ್ಯಾಡಗಿಯಲ್ಲಿ ಮೂವತ್ತು ವರ್ಷ ಮೆಣಸಿನಕಾಯಿ ದಲಾಲಿ ಮಾಡಿ ಕಲಿತ ವಿದ್ಯೆ; ಕೇಳಿದವರಿಗೂ ಕೇಳದವರಿಗೂ ಧಾರಾಳವಾಗಿ ಹೇಳಿಕೊಡುತ್ತಾ ಬಂದ ವಿದ್ಯೆ. ಕೊಳ್ಳುವ ಮಾಲಿನ ಕಡೆಗೆ ನೋಡಲೇಬಾರದು, ಅದರ ಪಕ್ಕದಲ್ಲಿರುವುದನ್ನು ನೋಡಬೇಕು. ರೇಟು ಮುಗಿಯುವ ತನಕ ಮಾರುವವನ ಚಹಾ ಕುಡಿಯಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಮಾಲಿಗೆ ಹೆಸರಿಡಬೇಕು. ಎಂಥ ಬಂಗಾರದಂಥ ಮಾಲಾದರೂ ಚೀಲಕ್ಕೆ ಕೈಹಾಕಿ, ಒಂದು ಹಿಡಿ ತೆಗೆದು, ಮೂಸಿ, ಸತ್ತ ಇಲಿಯನ್ನು ಹಿಡಿದವನ ಮುಖ ಮಾಡಿ, "ಹಸಿ ಐತಲ್ಲೋ ತಮ್ಮಾ" ಎನ್ನಬೇಕು. ಮಾರುವವನಿಗೂ ಇದು ಗೊತ್ತು, ಕೊಳ್ಳುವವನಿಗೂ ಗೊತ್ತು. ಆದರೂ ನಾವು ಹಾಗೆ ಅನ್ನದೆ ಕೊಂಡರೆ ಮಾರಿದವನಿಗೇ ಊಟ ಸೇರುವುದಿಲ್ಲ, ಎಲ್ಲೋ ಮೋಸ ಹೋದೆ ಎಂದು ಕೊರಗುತ್ತಾನೆ. ನನ್ನ ಹೆಂಡತಿ ಗಿರಿಜಾಳಿಗೆ ಇದನ್ನು ಕಲಿಸಲು ಹೋಗಿ ಮಾತ್ರ ಸೋತೆ. ರಾಣೆಬೆನ್ನೂರಿನ ಸೀರೆ ಅಂಗಡಿಯಲ್ಲಿ, ಮುಖ ಸಿಂಡರಿಸಿಕೊಂಡು ಕೂತಿರು ಎಂದು ಮೆಟ್ಟಿಲ ಮೇಲೇ ತಾಕೀತು ಮಾಡಿದ್ದೆ. ಒಳಗೆ ಹೋದವಳೇ, "ಅಯ್ಯ, ಇಂಥಾದ್ದು ನಾ ಎಲ್ಲೂ ನೋಡೇ ಇಲ್ರಿ!" ಎಂದಳು. ಆ ಸೀರೆಯ ಬೆಲೆ ನನ್ನ ಕಣ್ಣೆದುರಿಗೇ ಮೊಳ ಉದ್ದ ಬೆಳೆಯಿತು.

ಇಷ್ಟು ಓದಿ ನೀವು ನನ್ನನ್ನು ಗಟ್ಟಿ ಕುಳ ಎಂದುಕೊಂಡಿದ್ದರೆ ಒಂದು ದೌರ್ಬಲ್ಯವನ್ನು ಒಪ್ಪಿಕೊಳ್ಳಬೇಕು. ನಾನು ಹಳೆಯ ಎಲೆಕ್ಟ್ರಿಕ್ ಗಿಟಾರುಗಳನ್ನು ಕೂಡಿಹಾಕುತ್ತೇನೆ. ನುಡಿಸಲು ಬರುವುದಿಲ್ಲ. ತಂತಿ ಆರು ಎಂಬುದನ್ನು ಬಿಟ್ಟರೆ ಅದರ ಬಗ್ಗೆ ಬಹಳ ದಿನ ನನಗೇನೂ ಗೊತ್ತಿರಲಿಲ್ಲ. ಮದುವೆಗಳಲ್ಲಿ ಹಾಡುತ್ತಿದ್ದ ಒಂದು ಆರ್ಕೆಸ್ಟ್ರಾದವರು ಬಾಗಿಲು ಹಾಕಿದಾಗ, ಅಂಗಡಿಗೆ ಒಂದು ಮೈಕ್ ಸೆಟ್ ಬೇಕೆಂದು ಹೋಗಿದ್ದೆ. ಅದರ ಬೆಲೆಯನ್ನು ಎಷ್ಟು ಕೆಳಗೆ ಜಗ್ಗಿದೆನೆಂದರೆ ಅದರ ಮಾಲೀಕ ಬೇಸತ್ತು, "ಇದನ್ನೂ ಒಯ್ಯಿರಿ. ಆದ್ರ ಲಗೂ ಹೋಗ್ರಿ" ಎಂದು ಒಂದು ಕೆಂಪು ಗಿಟಾರನ್ನು ಮೈಕಿನ ಮೇಲೆ ಇಟ್ಟುಬಿಟ್ಟ. ಮೈಕು ಆರು ತಿಂಗಳಲ್ಲಿ ಕೆಟ್ಟಿತು. ಗಿಟಾರು ಅಂಗಡಿಯ ಗೋಡೆಯ ಮೇಲೆ ಉಳಿಯಿತು. ಹಾವೇರಿಯ ಪಾಟೀಲ ಮಾಸ್ತರು ಹೈಸ್ಕೂಲಿನಲ್ಲಿ ಗಣಿತ ಹೇಳುವವರು, ಕಾಲೇಜಿನ ದಿನಗಳಲ್ಲಿ ಧಾರವಾಡದಲ್ಲಿ ಗಿಟಾರು ನುಡಿಸಿದವರು. ಮೆಣಸಿನಕಾಯಿ ಒಯ್ಯಲು ಬಂದವರು ಅದನ್ನು ಕಂಡು ಚೀಲ ಅಲ್ಲೇ ಬಿಟ್ಟು, "ಜಪಾನದ್ದು ಇದು, ಐವತ್ತು ವರ್ಷದ ಹಿಂದಿಂದು. ನನಗ ಕೊಡ್ತೀರೇನ್ರಿ?" ಎಂದರು. ಇನ್ನೊಬ್ಬ ಬೇಕು ಎಂದ ಮೇಲೆ ನಾನು ಕೊಡುವ ಮಾತೇ ಇಲ್ಲ. ಅಂದಿನಿಂದ ಮಾಸ್ತರು ನನ್ನ ಗುರು, ನಾನು ಅವರ ಹೊಟ್ಟೆಯುರಿ.

ಈಗ ಹನ್ನೊಂದು ಇವೆ. ಎಲ್ಲರ ಹತ್ತಿರ ಇರುವಂಥವು ನನಗೆ ಬೇಡ, ವಿಚಿತ್ರವಾಗಿರಬೇಕು. ಒಂದರ ಮೈಗೆ ಅಡುಗೆಮನೆಯ ಕಟ್ಟೆಗೆ ಅಂಟಿಸುವ ಸನ್‌ಮೈಕಾ ಅಂಟಿಸಿದ್ದಾರೆ. ಇನ್ನೊಂದರ ಹೊಟ್ಟೆಯೊಳಗೇ ಸ್ಪೀಕರ್ ಇದೆ. ಮತ್ತೊಂದಕ್ಕೆ ಎಷ್ಟು ಸ್ವಿಚ್ಚುಗಳೆಂದರೆ, ಮೀಟರು ನೋಡಲು ಮನೆಗೆ ಬಂದ ಲೈಟಿನವನು ಅದನ್ನೇ ತೋರಿಸಿ ಮೀಟರು ಇದೇ ಏನು ಎಂದು ಕೇಳಿದ. ಹಳೆಯದಕ್ಕೆ ಏಕೆ ಬೆಲೆ ಎಂದು ಮಾಸ್ತರು ವಿವರಿಸಿದಾಗ ನನಗೆ ಬೇಗ ತಿಳಿಯಿತು. ಬ್ಯಾಡಗಿಯವನಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ನಮ್ಮ ಮೆಣಸಿನಕಾಯಿಗೆ ಸುಕ್ಕು ಇದ್ದಷ್ಟೂ ಮರ್ಯಾದೆ. ನುಣ್ಣಗೆ ಮಿರಿಮಿರಿ ಮಿಂಚುವ ಕಾಯಿ ಬೇರೆ ಊರಿನದು. ಗಿಟಾರೂ ಹಾಗೆಯೇ. ಬಣ್ಣ ಬಿರಿದಿರಬೇಕು, ಕಬ್ಬಿಣ ಕಪ್ಪಾಗಿರಬೇಕು, ನುಡಿಸಿದವನ ಮೊಳಕೈ ತಾಗಿ ಒಂದು ಕಡೆ ಸವೆದಿರಬೇಕು. ಹೊಸ ಬಣ್ಣ ಹಚ್ಚಿದರೆ ಮುಗಿಯಿತು, ಅದು ಸೌದೆ. ಇದನ್ನೆಲ್ಲ ಗಿರಿಜಾಳಿಗೆ ಹೇಳಿದರೆ ಅವಳದು ಒಂದೇ ಪ್ರಶ್ನೆ: "ಹನ್ನೊಂದರಾಗ ಒಂದಾದ್ರೂ ನುಡಸಾಕ ಬರ್ತೈತೇನ್ರಿ?" ನಾನೂ ಬಿಡುವುದಿಲ್ಲ: "ದಿನಾ ನೂರು ಚೀಲ ಮೆಣಸಿನಕಾಯಿ ಮಾರ್ತೀನಿ. ಎಲ್ಲಾ ನಾನಾ ತಿಂತೀನೇನು?"

ಕೋಡಿನ ಗಿಟಾರಿನ ಸುದ್ದಿ ತಂದವನು ಅಗಡಿಯ ಒಬ್ಬ ರೈತ. ಅವನ ಮದುವೆಯಲ್ಲಿ ಆರ್ಕೆಸ್ಟ್ರಾದ ಒಬ್ಬ ಮನುಷ್ಯ ಎರಡು ಉದ್ದ ಕೋಡಿರುವ ಗಿಟಾರು ನುಡಿಸಿದನಂತೆ. ಹೋರಿ ಬೆದರಿಸುವ ಹಬ್ಬದಲ್ಲಿ ಓಡುವ ಹೋರಿಯ ಕೋಡು ಇರುತ್ತದಲ್ಲ, ಥೇಟ್ ಹಾಗೇ. ವಿಚಾರಿಸುತ್ತಾ ಹೋದಾಗ ಆ ಮನುಷ್ಯ ರಾಣೆಬೆನ್ನೂರಿನ ಗ್ಯಾರೇಜು ಸಾಲಿನಲ್ಲಿ ಸಿಕ್ಕಿದರು. ಹೆಸರು ಖಾದರ್‌ಸಾಬ್, ಊರಿಗೆಲ್ಲ ಖಾದರ್ ಚಾಚಾ. ಆರ್ಕೆಸ್ಟ್ರಾ ನಿಂತ ಮೇಲೆ ಲಾರಿಗಳಿಗೆ ಬಣ್ಣ ಬಳಿಯುವ ಕೆಲಸ. ಈ ಭಾಗದಲ್ಲಿ ಹಿಂದಿನ ಬಾಗಿಲ ಮೇಲೆ ಕಮಲ, ಗಿಳಿ ಹೊತ್ತು ಓಡಾಡುವ ಲಾರಿ ಕಂಡರೆ ಅದು ಬಹುಮಟ್ಟಿಗೆ ಅವರ ಕೈಯದೇ.

ದಾರಿಯಲ್ಲಿ ಕದರಮಂಡಲಗಿಯ ಹಣಮಪ್ಪನ ಗುಡಿಗೆ ಕೈಮುಗಿದು, ಹೆಗಲಿಗೆ ಟವೆಲ್ ಹಾಕಿಕೊಂಡು ಹೋದೆ. ಚಾಚಾ "ಬರ್ರಿ ಸಾವ್ಕಾರ್ರ, ಕುಂದ್ರಿ" ಎಂದು ಬಣ್ಣದ ಡಬ್ಬಿಯೊಂದನ್ನು ಬೋರಲು ಹಾಕಿ ಕೂರಿಸಿದರು. ಒಳಗಿನಿಂದ ರೆಗ್ಜಿನ್ ಚೀಲ ತಂದು ಬಿಚ್ಚಿದರು. ಬಾಯಿಗೆ ಬಂದ 'ಆಹಾ'ವನ್ನು ನುಂಗಿಕೊಂಡೆ. ಹೊನ್ನೆ ಮರದ ಮೈ. ಮೇಲೆ ಜೇನುತುಪ್ಪದ ಬಣ್ಣ, ಅದರ ತುಂಬಾ ಕೂದಲೆಳೆಯಂಥ ಬಿರುಕು. ಬಾಗಿ ಮೇಲೆದ್ದ ಎರಡು ಕೋಡು, ಎಡಗಡೆಯದು ಬೆರಳಗಲ ಮುಕ್ಕಾಗಿತ್ತು. ಆಫ್-ಆನ್ ಮಾಡಲು ಹಳೆಯ ಮನೆಗಳಲ್ಲಿ ಇರುತ್ತಿದ್ದ ದುಂಡನೆಯ ಕರಿ ಸ್ವಿಚ್ಚು. ತಿರುಗುಣಿಗಳು ರೇಡಿಯೋದಿಂದ ಕಿತ್ತವು, ಒಂದು ಬಿಳಿ, ಒಂದು ಕಂದು. ಯಾವುದೋ ಊರಿನ ಬಡಿಗ, ಯಾರೂ ಕಲಿಸದೆ, ಯಾರನ್ನೂ ಕೇಳದೆ ಮಾಡಿದ್ದು. ಇಂಥದ್ದು ಜಗತ್ತಿನಲ್ಲಿ ಇನ್ನೊಂದಿಲ್ಲ.

ನಾನು ಪಕ್ಕದಲ್ಲಿದ್ದ ಟಾಟಾ ಲಾರಿಯ ಬಂಪರನ್ನು ನೋಡುತ್ತಾ, "ಇದೇನ್ರಿ ಚಾಚಾ, ಬಣ್ಣ ಎಲ್ಲಾ ಬಿರಕ್ ಬಿಟ್ಟೈತಿ" ಎಂದೆ. 

"ಹೌದ್ರಿ. ಭಾಳ ವರ್ಷಾತ್ರಿ." 

"ಕೋಡು ಒಂದು ಗಿಡ್ಡ, ಒಂದು ಉದ್ದ. ಹಿಂಗಿದ್ರ ಹೋರೀನೂ ಯಾರೂ ಕೊಳ್ಳಂಗಿಲ್ಲ." 

ಚಾಚಾ ಕೋಡು ಸವರಿದರು. "ಬಸ್ಸಿನ ಮ್ಯಾಲಿಂದ ಬಿದ್ದಿತ್ರಿ, ಒಂದ್ಸಲ." 

"ಈ ಸ್ವಿಚ್ಚು ಬಚ್ಚಲಮನಿದೇನು?" 

ಅವರು ಸ್ವಿಚ್ಚನ್ನು ಅಂಗೈಯಿಂದ ಮುಚ್ಚಿಕೊಂಡರು. ನನಗೆ ಹುರುಪು ಹೆಚ್ಚಿತು. ತಿರುಗುಣಿ ಜೋಡಿಯಿಲ್ಲ ಎಂದೆ, ತಗಡು ತುಕ್ಕು ಹಿಡಿದಿದೆ ಎಂದೆ, ಹೆಗಲ ಪಟ್ಟಿ ಹರಿದಿದೆ ಎಂದೆ, ಒಂದು ಸ್ಕ್ರೂ ಇಲ್ಲ ಎಂದೆ, ತುದಿಯಲ್ಲಿ ಬೀಡಿ ಸಿಕ್ಕಿಸಿ ಸುಟ್ಟ ಕಲೆ ತೋರಿಸಿದೆ, ಮೊಳಕೈ ತಾಗಿ ಸವೆದ ಜಾಗಕ್ಕೆ ಕಜ್ಜಿ ಎಂದು ಕರೆದೆ. ಲೆಕ್ಕ ಹಾಕಿದರೆ ಒಂಬತ್ತು. ಸತ್ಯವಾಗಿ ಹೇಳುತ್ತೇನೆ, ನನ್ನ ಜೀವನದಲ್ಲಿ ಅಷ್ಟು ಚೆನ್ನಾಗಿ ನಾನು ಯಾವ ಮಾಲಿಗೂ ಹೆಸರಿಟ್ಟಿರಲಿಲ್ಲ. ಕೊನೆಗೆ ಹೆಗಲ ಟವೆಲ್ ತೆಗೆದು ಕೈಮೇಲೆ ಹಾಸಿದೆ. ನಮ್ಮ ಹಿರಿಯರು ರೇಟು ಬಾಯಲ್ಲಿ ಹೇಳುತ್ತಿರಲಿಲ್ಲ. ಟವೆಲಿನ ಕೆಳಗೆ ಬೆರಳು ಒತ್ತಿ ಹೇಳುತ್ತಿದ್ದರು. ಈಗ ಮಾರ್ಕೆಟ್ಟಿನಲ್ಲಿ ಎಲ್ಲ ಕಂಪ್ಯೂಟರ್ ಆದರೂ, ದೊಡ್ಡ ವ್ಯವಹಾರಕ್ಕೆ ನಾನು ಟವೆಲ್ ಬಿಟ್ಟಿಲ್ಲ. ಚಾಚಾ ಕೈ ಒಳಗೆ ಹಾಕಿದರು. ನಾನು ಬೆರಳು ಒತ್ತಿದೆ. ಅವರು ತಿರುಗಿ ಒತ್ತಲಿಲ್ಲ, ಸುಮ್ಮನೆ ನನ್ನ ಕೈ ಹಿಡಿದುಕೊಂಡು, "ನೀವು ಅಂದಷ್ಟ ಆಗ್ಲಿರಿ. ಇಂಥಾ ಮಾಲಿಗೆ ಹೆಚ್ಚು ಕೇಳಾಕ ನನಗ ನಾಚಿಕಿ ಬರ್ತೈತಿ. ಎಂಟು ದಿನ ಬಿಟ್ಟು ಬಂದು ಒಯ್ಯಿರಿ" ಎಂದರು. ಮುಂಗಡ ಕೊಟ್ಟು, ರೇಟು ಮುಗಿದಿದ್ದರಿಂದ ಚಹಾನೂ ಕುಡಿದು ಬಂದೆ.

ಮನೆಗೆ ಬಂದು ಒಂಬತ್ತು ಐಬನ್ನೂ ಗಿರಿಜಾಳಿಗೆ ಅಭಿನಯ ಸಮೇತ ವರ್ಣಿಸಿದೆ. ಅವಳು ನಗಲಿಲ್ಲ. "ಆ ಮನಷ್ಯಾ ಮಾರ್ಕೆಟ್ಟಿನ ಮನಷ್ಯಾ ಅಲ್ರಿ. ನೀವು ಅಂದಿದ್ದು ಖರೇ ಅಂತ ತಿಳಕೊಂಡ್ರ?" ಎಂದಳು. "ತಿಳಕೊಂಡಾನ, ಅದಕ್ಕ ಆ ರೇಟಿಗೆ ಬಂತು" ಎಂದೆ. ಪಾಟೀಲ ಮಾಸ್ತರಿಗೆ ಫೋನ್ ಮಾಡಿದರೆ ಅವರು ಬಿರುಕು, ಕೋಡು, ಸ್ವಿಚ್ಚು ಎಲ್ಲವನ್ನೂ ಎರಡೆರಡು ಸಲ ಹೇಳಿಸಿಕೊಂಡರು. ಆಮೇಲೆ, "ನಾನೂ ಬರ್ತೀನ್ರಿ. ತಂದ ಮ್ಯಾಲೆ ಧೂಳನ್ನೂ ಒರಸಬ್ಯಾಡ್ರಿ" ಎಂದರು. ಆ ಎಂಟು ದಿನ ನಾನು ರೈತರ ಮಾಲಿಗೆ ಕೂಡ ಸರಿಯಾಗಿ ಹೆಸರಿಡಲಿಲ್ಲವಂತೆ. ಯಾರೋ ನನಗೆ ಜ್ವರ ಬಂದಿದೆ ಎಂದು ಸುದ್ದಿ ಹಬ್ಬಿಸಿದರು.

ಎಂಟನೆಯ ದಿನ ಇಬ್ಬರೂ ಹೋದೆವು. ಚಾಚಾ ಸ್ನಾನ ಮಾಡಿ, ಬಿಳಿ ಜುಬ್ಬ ಹಾಕಿ, ಅತ್ತರು ಪೂಸಿಕೊಂಡು ಕಾಯುತ್ತಿದ್ದರು. ಸ್ಟೂಲಿನ ಮೇಲೆ ಹೊಸ ಬಟ್ಟೆ ಹೊದಿಸಿದ ಗಿಟಾರು. ಚಾಚಾ ಬಟ್ಟೆ ಸರಿಸಿದರು.

ಗಿಳಿಹಸಿರು. ಅದರ ಸುತ್ತ ಹಳದಿ ಅಂಚು. ಎರಡೂ ಕಡೆ ಗುಲಾಬಿ ಬಣ್ಣದ ಕಮಲ. ಕೋಡುಗಳು ಈಗ ಸರಿಸಮ. ಮುಕ್ಕಾದದ್ದನ್ನು ಬೆಳೆಸಲಾಗದೆ ಇನ್ನೊಂದನ್ನು ಗರಗಸದಿಂದ ಕೊಯ್ದು, ಎರಡಕ್ಕೂ ಎತ್ತುಗಳ ಕೋಡಿನ ತುದಿಗೆ ಹಾಕುವ ಹಿತ್ತಾಳೆಯ ಅಣಸು ತೊಡಿಸಿದ್ದರು. ಕರಿ ಸ್ವಿಚ್ಚಿನ ಜಾಗದಲ್ಲಿ ಫಳಫಳ ಹೊಳೆಯುವ ಬಿಳಿ ಸ್ವಿಚ್ಚು, ಅದರಲ್ಲಿ ಸಣ್ಣ ಕೆಂಪು ಲೈಟು ಬೇರೆ. ಪಾಟೀಲ ಮಾಸ್ತರು ಹತ್ತಿರವಿದ್ದ ಡಬ್ಬಿಯ ಮೇಲೆ ಕುಳಿತರು. ಅದರ ಮುಚ್ಚಳದ ಬಣ್ಣ ಇನ್ನೂ ಹಸಿಯಿತ್ತು.

"ನೀವು ಹೋದ ಮ್ಯಾಲೆ ಎಲ್ಲಾ ಬರಕೊಂಡಿದ್ನಿರಿ ಸಾವ್ಕಾರ್ರ" ಎಂದು ಚಾಚಾ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದದ್ದನ್ನು ತೋರಿಸಿದರು. ಒಂಬತ್ತು ಸಾಲು, ಒಂದೊಂದರ ಮುಂದೂ ಗೆರೆ ಎಳೆದಿತ್ತು. "ಒಂಬತ್ತು ಐಬು ನೀವು ಹೇಳಿದ್ರಿ. ಹತ್ತನೇದು ನಾನಾ ಹುಡುಕಿದ್ನಿ. ಬಿಚ್ಚಿ ನೋಡಿದ್ರ ಒಳಗ ಆ ಬಡಿಗ್ಯಾ ತನ್ನ ಹೆಸರು, ಊರು, ಇಸ್ವಿ ಎಲ್ಲಾ ಕೊರದು ಹೊಲಸ ಮಾಡಿದ್ದ. ಕೀಸಿ ನುಣ್ಣಗ ಮಾಡೇನಿ." 

ಮಾಸ್ತರು ಡಬ್ಬಿಯ ಮೇಲೆ ಕುಳಿತಲ್ಲೇ ಒಂದು ಸಣ್ಣ ಶಬ್ದ ಮಾಡಿದರು. 

"ಇದಕ್ಕೆಲ್ಲಾ ರೊಕ್ಕ ಬ್ಯಾಡ್ರಿ" ಎಂದು ಚಾಚಾ ಮುಂದುವರಿಸಿದರು. "ನಿಮ್ಮ ಮಾತು ಕೇಳಿ ನನಗ ಭಾಳ ಕೆಟ್ಟನಸ್ತು. ಇಷ್ಟು ವರ್ಷ ಇಂಥಾದ್ದನ್ನ ಹೆಗಲಿಗೆ ಹಾಕ್ಕೊಂಡು ಮಂದಿ ಮದುವ್ಯಾಗ ನಿಂತಿದ್ನಲ್ಲಾ, ಅವ್ರೆಲ್ಲಾ ಏನಂದಿರಬೇಕು ಅಂತ."

ಗಿಟಾರು ಹೋದ ದುಃಖ ದೊಡ್ಡದೇ. ಆದರೆ ಈ ಮಾತು ಅದಕ್ಕಿಂತ ಆಳಕ್ಕೆ ಇಳಿಯಿತು. ಚೀಲಕ್ಕೆ ಹೆಸರಿಟ್ಟರೆ ಚೀಲಕ್ಕೆ ನೋವಾಗುವುದಿಲ್ಲ ಎಂದು ಮೂವತ್ತು ವರ್ಷ ನಂಬಿದ್ದವನು ನಾನು. ಜೀವಮಾನದಲ್ಲಿ ಮೊದಲ ಬಾರಿ ಮಾರುವವನ ಮುಂದೆ ಸತ್ಯ ನುಡಿದೆ. "ಚಾಚಾ, ಅವತ್ತು ನಾ ಹೇಳಿದ್ದೆಲ್ಲಾ ಸುಳ್ಳು. ರೇಟು ಇಳಸಾಕ ಅಂದಿದ್ದು. ಇಂಥಾ ಚಂದದ್ದು ನಾ ಎಲ್ಲೂ ನೋಡಿಲ್ಲ." 

ಚಾಚಾನ ಮುಖ ಅರಳಿತು. "ಹೌದಲ್ರೀ? ಬಣ್ಣಾ ಹಚ್ಚಿದ ಮ್ಯಾಲೆ ನನಗೂ ಹಂಗ ಅನಸ್ತು!" 

"ಬಣ್ಣಾ ಅಲ್ಲ ಚಾಚಾ, ಅದಕ್ಕಿಂತ ಮೊದಲಾ…" 

"ಇರ್ಲಿ ಬಿಡ್ರಿ, ದೊಡ್ಡ ಮನಷ್ಯಾರು, ನನ್ನ ಸಮಾಧಾನಕ್ಕ ಹಂಗಂತೀರಿ." 

ಸುಳ್ಳನ್ನು ಒಂದೇ ಏಟಿಗೆ ನಂಬಿದ್ದ ಮನುಷ್ಯ ಸತ್ಯವನ್ನು ಎಷ್ಟು ಹೇಳಿದರೂ ನಂಬಲಿಲ್ಲ. ಮಾಸ್ತರ ಕಡೆ ನೋಡಿದೆ, ಅವರೂ ಸಾಕ್ಷಿ ಹೇಳಲಿ ಎಂದು. ಅವರು ಪ್ಯಾಂಟಿಗೆ ಅಂಟಿದ ಡಬ್ಬಿಯಿಂದ ಬಿಡಿಸಿಕೊಳ್ಳುವುದರಲ್ಲಿದ್ದರು.

ಆಗ ಚಾಚಾ ಗಿಟಾರಿನ ವೈರು ಸಿಕ್ಕಿಸಿ, ಬಿಳಿ ಸ್ವಿಚ್ಚು ಹಾಕಿ, ನುಡಿಸತೊಡಗಿದರು. ಲಾರಿಗಳ ಕೆಳಗೆ ಮಲಗಿ ನಟ್ಟು ಬಿಗಿಯುತ್ತಿದ್ದವರು ಒಬ್ಬೊಬ್ಬರಾಗಿ ಹೊರಗೆ ತೆವಳಿ ಬಂದರು. ಬೆಲ್ಲದ ಪಾಕ ಎಳೆದಂಥ ನಾದ. ಎಲ್ಲಿ ತುಂಡಾದೀತೋ ಎಂದು ಉಸಿರು ಹಿಡಿಯಬೇಕು, ತುಂಡಾಗುವುದಿಲ್ಲ. ಮಾಸ್ತರು ಅರ್ಧ ಎದ್ದವರು ಹಾಗೇ ನಿಂತರು. ಅದರ ನಾದ ಮಾತ್ರ ಕೆಟ್ಟಿರಲಿಲ್ಲ. ಏಕೆಂದರೆ ಅದಕ್ಕೆ ನಾನು ಹೆಸರಿಟ್ಟಿರಲಿಲ್ಲ. ಏಕೆ ಇಟ್ಟಿರಲಿಲ್ಲವೆಂದರೆ, ನುಡಿಸಿ ತೋರಿಸಿ ಎಂದು ಕೇಳುವುದು ಅವತ್ತು ನನಗೆ ಹೊಳೆದೇ ಇರಲಿಲ್ಲ. ಕೇಳಿದ್ದರೆ ಅದಕ್ಕೂ ಒಂದು ಮಾತು ಅಂದು, ಅದನ್ನೂ ಕಳೆದುಕೊಳ್ಳುತ್ತಿದ್ದೆ.

ಮುಗಿದ ಮೇಲೆ ಚಾಚಾ ಗಿಟಾರನ್ನು ಕೆಳಗಿಡಲಿಲ್ಲ. ಮುಂಗಡದ ಹಣವನ್ನು ಜುಬ್ಬದ ಕಿಸೆಯಿಂದ ತೆಗೆದು ನನ್ನ ಕೈಯಲ್ಲಿಟ್ಟು, "ಮಾಫ್ ಮಾಡ್ರಿ ಸಾವ್ಕಾರ್ರ. ಕೆಟ್ಟ ಮಾಲಂತ ಮಾರಾಕ ಒಪ್ಪಿದ್ದೆ. ಈಗ ಎಷ್ಟು ಚಂದ ಆಗೇತಿ ನೋಡ್ರಿ, ಕೊಡಾಕ ಮನಸ ಬರವಲ್ದು. ಮೊಮ್ಮಗಳ ಮದುವಿ ಐತಿ, ಅದರಾಗ ನಾನಾ ನುಡಸ್ತೀನಿ. ಆಮ್ಯಾಲೆ ನೋಡೂಣು" ಎಂದರು. ಹತ್ತು ನಿಮಿಷದ ಹಿಂದೆ ಪುಕ್ಕಟೆ ಕೊಟ್ಟರೂ ಬೇಡ ಎನ್ನುವ ಸ್ಥಿತಿಯಲ್ಲಿದ್ದವನು ನಾನು, ಕಮಲ ಬರೆದ ಆ ಹಸಿರು ಗಿಟಾರಿಗೆ ಮೊದಲಿನ ಎರಡು ಪಟ್ಟು ಬೆಲೆ ಹೇಳಿದೆ. ಬಾಯಲ್ಲೇ ಹೇಳಿದೆ, ಟವೆಲ್ ಕೂಡ ಹಾಸಲಿಲ್ಲ. ಚಾಚಾ ನಕ್ಕರು ಅಷ್ಟೆ.

ಮದುವೆ ಇನ್ನೂ ದೂರವಿದೆ. ಬೇರೆ ಯಾರಾದರೂ ಹೊಡೆದುಕೊಂಡು ಹೋದಾರು ಎಂಬ ಭಯಕ್ಕೆ ನಾನು ವಾರಕ್ಕೊಮ್ಮೆ ರಾಣೆಬೆನ್ನೂರಿಗೆ ಹೋಗಿ ಬರುತ್ತೇನೆ. ಹೋದ ಕೂಡಲೇ ಚಾಚಾ ಗಿಟಾರನ್ನು ನನ್ನ ತೊಡೆಯ ಮೇಲಿಟ್ಟು, "ನೋಡ್ರಿ, ಇನ್ನೂ ಏನರ ಐಬು ಐತೇನು?" ಎನ್ನುತ್ತಾರೆ. ನಾನು ನೋಡುತ್ತೇನೆ. ಬಲಗಡೆಯ ಕಮಲ ಎಡಗಡೆಯದಕ್ಕಿಂತ ಒಂದು ಎಳೆ ದೊಡ್ಡದಿದೆ. ಮಾತು ನಾಲಗೆಯ ತುದಿಗೆ ಬಂದು ತುರಿಸುತ್ತದೆ. "ಒಂದೂ ಇಲ್ಲ ಚಾಚಾ" ಎನ್ನುತ್ತೇನೆ. "ಖರೇ ಹೇಳ್ರಿ, ಸಂಕೋಚ ಬ್ಯಾಡ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ಊರಾಗ ನಿಮ್ಮಂಗ ಐಬು ಹಿಡಿಯವ್ರು ಇನ್ನೊಬ್ಬರಿಲ್ಲ" ಎನ್ನುತ್ತಾ ಅವರು ಬಣ್ಣ ಉಜ್ಜಿ ತೆಗೆಯುವ ಮರಳುಕಾಗದವನ್ನು ಕೈಗೆ ತೆಗೆದುಕೊಳ್ಳುತ್ತಾರೆ. ನಾನು ಲಗುಬಗೆಯಿಂದ ಅವರ ಚಹಾ ತೆಗೆದುಕೊಂಡು ಬಾಯಿಗೆ ಇಟ್ಟುಕೊಳ್ಳುತ್ತೇನೆ. ಎಷ್ಟು ಬಿಸಿಯಿದ್ದರೂ ಸರಿಯೇ, ಬಾಯಿ ಮುಚ್ಚಿದ್ದರೆ ಸಾಕು.