ಯಜಮಾನನಿಲ್ಲದ ಪೆಟ್ಟಿಗೆ

ದೇರೆಬೈಲಿನ ನಮ್ಮ ಫ್ಲ್ಯಾಟಿನಲ್ಲಿ ಸರ್ವಾಧಿಕಾರವನ್ನು ಕೊನೆಗಾಣಿಸಿಯೇ ತೀರುತ್ತೇನೆಂದು ಪಣತೊಟ್ಟೆ! ಸಂಘದ ಕಾರ್ಯದರ್ಶಿ ಚಿತ್ತರಂಜನ ಶೆಟ್ಟರು ಸಭೆಯ ನಿರ್ಣಯಗಳನ್ನು ತಮ್ಮ ಕಂಪ್ಯೂಟರಿನಲ್ಲಿ ಬೇಕಾದಂತೆ ತಿದ್ದುತ್ತಾರೆ. 'ಟೆರೇಸು ಎಲ್ಲರಿಗೂ' ಎಂದದ್ದು ಮರುದಿನ 'ಟೆರೇಸು ಕಾರ್ಯದರ್ಶಿಯ ಒಣಮೀನಿಗೆ' ಎಂದಾಗಿತ್ತು. ಅಂಕಣದಲ್ಲಿ ಊರಿಗೆಲ್ಲ ಬೈಯುವ ನಾನು ಇದನ್ನು ಸಹಿಸುವುದುಂಟೇ?

ಯೂಟ್ಯೂಬೆಂಬ ಗುರುಕುಲದಲ್ಲಿ ಬ್ಲಾಕ್‌ಚೈನ್ ಕಲಿತೆ. ನಾಲ್ಕು ಮನೆಗೆ ನಾಲ್ಕು ಸರ್ವರ್ ಪೆಟ್ಟಿಗೆ. ಪ್ರತಿಯೊಂದರಲ್ಲೂ ಎಲ್ಲ ನಿರ್ಣಯಗಳ ನಕಲು. ಒಂದರಲ್ಲಿ ತಿದ್ದಿದರೆ ಉಳಿದ ಮೂರು ಒಪ್ಪುವುದಿಲ್ಲ. ಒಂದು ಸತ್ತರೂ ಉಳಿದವು ಬದುಕಿರುತ್ತವೆ.

"ಇದಕ್ಕೆ ಯಜಮಾನನೇ ಇಲ್ಲ!" ಎಂದೆ ಹೆಂಡತಿ ಸ್ನೇಹಲತಾಳಿಗೆ.

"ಮಿಕ್ಸಿಯ ಹಾಗೆ ಗುರ್ ಅಂತದೆ, ಬಿಸಿ ಬೇರೆ. ಕರೆಂಟು ಹೋದ್ರೆ ಎಂತ ಮಾಡುದು?"

"ಆಫ್ ಆಗ್ಲಿಕ್ಕೆ ಇಲ್ಲ, ಅಷ್ಟೇ! ಹೇಗಾದ್ರೂ ನೋಡಿಕೊ."

ಉಳಿದ ಮೂರು ಮನೆಗಳಿಗೂ ಇದೇ ರಾಜಾಜ್ಞೆ. ಮರುದಿನ ಪೆಟ್ಟಿಗೆ ಇಟ್ಟಿದ್ದ ನಮ್ಮ ಸ್ಟೋರ್‌ರೂಮು ನಿಶ್ಶಬ್ದ. ಪೆಟ್ಟಿಗೆಯೂ ನನಗೆ ಹೆದರಿತೆಂದು ಬೀಗಿದೆ. ಮೊಬೈಲಿನಲ್ಲಿ ಪೆಟ್ಟಿಗೆಗೊಂದರಂತೆ ನಾಲ್ಕೂ ದೀಪ ಹಸಿರು!

ಭಾನುವಾರ, ಧೋ ಎನ್ನುವ ಮಳೆಯಲ್ಲಿ ಸಭೆ. ಮೊಬೈಲು ಎತ್ತಿ ಹಿಡಿದು ಗುಡುಗಿದೆ: "ಶೆಟ್ರೇ, ಟೆರೇಸು ಎಲ್ಲರಿಗೂ! ಇನ್ನು ಯಾರಿಗೂ ಅಳಿಸ್ಲಿಕ್ಕೆ ಆಗುದಿಲ್ಲ!"

"ಆಯ್ತು ಮಾರಾಯ್ರೆ, ಚಾ ಕುಡಿಯುವ," ಎಂದು ಶೆಟ್ಟರು ಪಕ್ಕದ ಸಂಘದ ಕೋಣೆಗೆ ಹೋದರು.

ಟಕ್! ನಾಲ್ಕೂ ದೀಪ ಕೆಂಪು!

"ಎಂತ ಮಾಡಿದ್ರಿ?" ಕಿರುಚಿದೆ.

"ಎಂತ ಇಲ್ಲ. ಕೆಟ್ಲಿಗೆ ಜಾಗ ಬೇಕಿತ್ತು, ಒಂದು ಪ್ಲಗ್ ತೆಗ್ದೆ."

ಓಡಿಹೋಗಿ ನೋಡಿದರೆ, ಯಜಮಾನನಿಲ್ಲದ ನಾಲ್ಕೂ ಪೆಟ್ಟಿಗೆಗಳು ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಜೋತುಬಿದ್ದು, ಒಡಹುಟ್ಟಿದವರಂತೆ ಸಾಲಾಗಿ ಕೂತಿದ್ದವು! ಮೇಲೆ ಹರಡಿದ್ದು ಶೆಟ್ಟರ ಒಣಮೀನು.

"ಇನ್ವರ್ಟರ್ ಇರುದು ಇಲ್ಲಿ ಮಾತ್ರ ಅಲ್ವಾ?" ಎಂದರು ಮೇಲಿನ ಮನೆಯ ಮಾರ್ಸೆಲಿನ್ ಬಾಯಿ. "ಉಮರಬ್ಬ ತಂದಿಟ್ಟದ್ದು ನೋಡಿ ನಾನೂ ಇಟ್ಟೆ."

"ನಾನು ನಿಮ್ಮದು ನೋಡಿ ಇಟ್ಟದ್ದು!" ಎಂದರು ಎದುರುಮನೆಯ ಉಮರಬ್ಬ, ನನಗೆ.

ಹೆಂಡತಿಯತ್ತ ತಿರುಗಿದೆ.

"ಹೇಗಾದ್ರೂ ನೋಡಿಕೊ ಅಂದದ್ದು ನೀವೇ ಅಲ್ವಾ?"

ಶೆಟ್ಟರು ಮೀನು ಮುಟ್ಟಿ ನೋಡಿದರು. "ಬೇಗ ಆನ್ ಮಾಡಿ ಮಾರಾಯ್ರೆ, ತಣಿತಾ ಉಂಟು. ಈ ಮಳೆಗೆ ಟೆರೇಸು ಯಾರಿಗೆ ಬೇಕು? ನೀವೇ ಇಟ್ಕೊಳ್ಳಿ!"

ಅಂದು ಸರ್ವಾನುಮತದಿಂದ ಆದ ನಿರ್ಣಯ ಇಷ್ಟು: ಪೆಟ್ಟಿಗೆಗಳು ಅಲ್ಲೇ ಇರಲಿ; ದಿನವೂ ಮೀನು ಮಗುಚುವ ಹೊಣೆ ಅಂಕಣಕಾರರದ್ದು.

ಮನೆಗೆ ಬಂದು, ಬಾಗಿಲು ಹಾಕಿಕೊಂಡು, ಮೊಬೈಲಿನಿಂದಲೇ ನನ್ನ ಪೆಟ್ಟಿಗೆಯೊಳಗಿನ ಆ ನಿರ್ಣಯವನ್ನು ಗುಟ್ಟಾಗಿ ಅಳಿಸಲು ನೋಡಿದೆ.

ಉಳಿದ ಮೂರು ಒಪ್ಪಲಿಲ್ಲ!