ತೊಳೆದು ಕಳೆದುಕೊಂಡ ವಾಕಿಟಾಕಿ

ಆ ಸಲ ನಮ್ಮ ಬೀದಿಯ ಪೊಲೀಸ್ ಸ್ಟೇಷನ್ನಿಗೆ ವಾಕಿಟಾಕಿ ಸಿಗದೆ ಹೋದದ್ದಕ್ಕೆ ಸರ್ಕಾರ ಕಾರಣ ಅಲ್ಲ, ಯಾರ ಹೊಟ್ಟೆಕಿಚ್ಚೂ ಅಲ್ಲ. ನಾವೇ ಅದನ್ನು ತೊಳೆದು, ಒರೆಸಿ, ರಂಗೋಲಿ ಹಾಕಿ ಕಳೆದುಕೊಂಡದ್ದು. ನನ್ನ ಮಗ ಸುಬ್ರಾಯ ಇವತ್ತಿಗೂ ಇದನ್ನು ಒಪ್ಪುವುದಿಲ್ಲ. "ಗ್ರಹಚಾರ ಅಮ್ಮ" ಅನ್ನುತ್ತಾನೆ. ಗ್ರಹಚಾರಕ್ಕೆ ಬೇರೆ ಕೆಲಸ ಇಲ್ಲವಾ, ಮದ್ರಾಸಿನ ರಾಯಪುರಂ ಕಡೆಯ ಒಂದು ಪೊಲೀಸ್ ಸ್ಟೇಷನ್ನಿಗೆ ಬಂದು ಕೂರುವುದಕ್ಕೆ? ನಾನು ಮೂರನೇ ಕ್ಲಾಸಿನ ಮೇಲೆ ಓದಿದವಳಲ್ಲ. ಆದರೆ ಕಣ್ಣೆದುರು ನಡೆದದ್ದನ್ನು ಹೇಳಲಿಕ್ಕೆ ನಾಲ್ಕನೇ ಕ್ಲಾಸು ಬೇಕಾಗುವುದಿಲ್ಲ.

ಪೊಲೀಸರ ವಾಕಿಟಾಕಿಗೂ ಹೋಟೆಲಿನ ಮುದುಕಿಗೂ ಎಂತ ಸಂಬಂಧ ಅಂತ ನೀವು ಕೇಳಬಹುದು. ಸಂಬಂಧದ ಹೆಸರು ಸುಮತಿ. ಸುಬ್ರಾಯನ ಮಗಳು, ನನ್ನ ಮೊಮ್ಮಗಳು. ಕುಂದಾಪುರದ ಕಡೆಯಿಂದ ಬಂದು ಮದ್ರಾಸಿನಲ್ಲಿ ಹೋಟೆಲ್ ಹಾಕಿದ ನಮ್ಮಂಥವರಿಗೆ ಪೊಲೀಸರೆಂದರೆ ಪುಕ್ಕಟೆ ಕಾಫಿ ಕುಡಿದು ಹೋಗುವವರು. ಅಂಥ ಮನೆಯಲ್ಲೇ ಒಂದು ಹುಟ್ಟಿತು. ದುಡ್ಡು ಎಣಿಸುವ ಗಲ್ಲೆಯಲ್ಲಿ ಕೂರು ಅಂದರೆ ಕೂರಲಿಲ್ಲ. ಶಾಲೆಯಲ್ಲಿ ಓಡಿ ಓಡಿ ಕಪ್ಪುಗಳನ್ನು ಗೆದ್ದಳು, ಕೊನೆಗೆ ಕಾನ್‌ಸ್ಟೆಬಲ್ ಆಗಿ ಖಾಕಿ ಹಾಕಿಕೊಂಡು ಬಂದು ನಿಂತಳು. ಇನ್ನು ಇವಳಿಗೆ ಗಂಡು ಸಿಗುವುದಿಲ್ಲ ಅಂತ ನೆಂಟರೆಲ್ಲ ಕಣ್ಣೊರೆಸಿಕೊಂಡರು. ನಾನು ಅಳಲಿಲ್ಲ. ಇಸ್ತ್ರಿ ಸರಿ ಬಿದ್ದಿಲ್ಲ, ತೆಗೆದುಕೊಡು ಅಂದೆ.

ಅವಳಿಗೆ ಸಂಜೆ ಹೊತ್ತು ದೋಣಿ ನಿಲ್ಲುವ ಕಡಲ ದಂಡೆಯಲ್ಲಿ ಡ್ಯೂಟಿ. ಸೊಂಟದಲ್ಲಿ ವಾಕಿಟಾಕಿ, ಪೊಲೀಸರ ಬಾಯಲ್ಲಿ ಅದು ಸೆಟ್ಟು. ಸೆಟ್ಟು ಅಂದರೆ ಇಟ್ಟಿಗೆಯಷ್ಟು ಭಾರದ್ದು, ಹಿಂದಿನ ಮುಚ್ಚಳ ಬೀಳದಂತೆ ರಬ್ಬರ್ ಬ್ಯಾಂಡ್ ಹಾಕಿದ್ದು. ಐಸ್ ಫ್ಯಾಕ್ಟರಿಯವರೆಗೆ ಅದು ಮಾತಾಡುತ್ತದೆ. ಅದರಿಂದ ಆಚೆಗೆ ಕಾದ ಎಣ್ಣೆಗೆ ಸಾಸಿವೆ ಹಾಕಿದ ಹಾಗೆ ಚಟಪಟ ಅನ್ನುತ್ತದೆ, ಅಷ್ಟೇ. ದೋಣಿಗಳೆಲ್ಲ ಇರುವುದು ಐಸ್ ಫ್ಯಾಕ್ಟರಿಯಿಂದ ಆಚೆಗೇ. ನಮ್ಮ ಹೋಟೆಲಿನಲ್ಲಿ ಸಪ್ಲೈಯರ್ ಬಾಗಿಲ ಹತ್ತಿರ ನಿಂತು "ಒಂದು ಮಸಾಲೆ, ಎರಡು ಪೂರಿ" ಅಂತ ಕೂಗಿದರೆ ಹಿಂದೆ ಹೊಗೆಯಲ್ಲಿ ಮುಳುಗಿರುವ ಅಡುಗೆ ಭಟ್ಟರಿಗೆ ಕೇಳುತ್ತದೆ. ಇಷ್ಟು ದೊಡ್ಡ ಸರ್ಕಾರಕ್ಕೆ ಅಷ್ಟು ಗಂಟಲಿಲ್ಲ. ಮೊಬೈಲ್ ಇದ್ದದ್ದು ಇನ್ಸ್‌ಪೆಕ್ಟರ್ ಒಬ್ಬರ ಹತ್ತಿರ. ಆಗಿನ ಕಾಲದಲ್ಲಿ ಬಂದ ಫೋನಿಗೂ ದುಡ್ಡು ಹಿಡಿಯುತ್ತಿದ್ದರು, ಹಾಗಾಗಿ ಅವರು ಅದನ್ನು ಎತ್ತುತ್ತಲೇ ಇರಲಿಲ್ಲ.

ಒಂದು ಸಂಜೆ ಮೀನಿನ ಹರಾಜಿನಲ್ಲಿ ಎರಡು ಗುಂಪಿನವರು ದೋಣಿಯ ಹುಟ್ಟು ಎತ್ತಿಕೊಂಡು ಹೊಡೆದಾಟಕ್ಕೆ ನಿಂತರಂತೆ. ನಡುವೆ ಇವಳೊಬ್ಬಳು. ಸೆಟ್ಟು ಒತ್ತಿ ಕೂಗಿದರೆ ಸಾಸಿವೆ ಸಿಡಿಯಿತು. ಓಡಿಹೋಗಿ ಟೀ ಅಂಗಡಿಯ ಒಂದು ರೂಪಾಯಿ ಫೋನಿನ ಮುಂದೆ ನಿಂತರೆ ಅಲ್ಲೊಬ್ಬ ಹೆಂಡತಿಗೆ ಸಮಾಧಾನ ಹೇಳುತ್ತಿದ್ದ. ಆ ಹೆಂಡತಿ ಸುಲಭಕ್ಕೆ ಸಮಾಧಾನ ಆಗುವ ಪೈಕಿ ಅಲ್ಲ ಅಂತ ಕಾಣುತ್ತದೆ. ಅಷ್ಟರಲ್ಲಿ ಎಲ್ಲಿಂದಲೋ ಒಂದು ಕಲ್ಲು ಬಂದು ಇವಳ ಹಣೆಗೆ ಬಿತ್ತು. ಹೊಲಿಗೆ ಹಾಕಿಸಿಕೊಂಡು ಮನೆಗೆ ಬಂದು "ಒಣ್ಣುಮಿಲ್ಲೈ ಅಜ್ಜಿ" ಅಂದಳು. ಏನೂ ಇಲ್ಲ ಅಂತ ತಮಿಳಿನಲ್ಲಿ ಹೇಳಿದರೂ ಹೊಲಿಗೆ ಹೊಲಿಗೆಯೇ. ಆವತ್ತಿನಿಂದ ಸಂಜೆ ಆದರೆ ಸಾಕು, ನನ್ನ ಕಣ್ಣು ದಂಡೆಯ ದಾರಿಯ ಮೇಲೆ. ಒಂದು ದಿನ ಉಪ್ಪಿನ ಡಬ್ಬಿಗೆ ಸಕ್ಕರೆ ಸುರಿದೆ. ಆವತ್ತು ಸಾಂಬಾರು ತಿಂದವರು ಉಡುಪಿ ಕಡೆಯವರ ಸಾಂಬಾರೇ ಸಿಹಿ ಅಂತ ಸುಮ್ಮನಿದ್ದರು, ನಮ್ಮ ಪುಣ್ಯ.

ಹೊಸ ಸೆಟ್ಟು ಬೇಕು ಅಂತ ಇನ್ಸ್‌ಪೆಕ್ಟರ್ ಮೇಲಿನವರನ್ನು ಕೇಳಿದ್ದರು. ಬರುತ್ತದೆ ಅಂತ ಉತ್ತರ ಬಂದಿತ್ತು, ಸೆಟ್ಟು ಬಂದಿರಲಿಲ್ಲ. ಆಗ ಸುಬ್ರಾಯನಿಗೆ ಒಬ್ಬ ಗಿರಾಕಿಯಿಂದ ಸುದ್ದಿ ಸಿಕ್ಕಿತು. ಎಗ್ಮೋರಿನಲ್ಲಿ ಒಂದು ಟ್ರಸ್ಟು ಇದೆ, ಕಡಲ ಪಕ್ಕದ ಒಂದು ಸ್ಟೇಷನ್ನಿಗೆ ಹೊಸ ವಾಕಿಟಾಕಿ ತೆಗೆಸಿಕೊಡಲು ಅನುದಾನ ಕೊಡುತ್ತದೆ ಅಂತ. ನಮ್ಮ ಬೀದಿಯ ಅಂಗಡಿಯವರ ಸಂಘಕ್ಕೆ ಸುಬ್ರಾಯನೇ ಸೆಕ್ರೆಟರಿ. ಇನ್ಸ್‌ಪೆಕ್ಟರ್ ದೊಡ್ಡ ಆಫೀಸಿನ ಒಪ್ಪಿಗೆ ತಂದರು, ಇವನು ಅರ್ಜಿ ಹಾಕಿದ. ಟ್ರಸ್ಟಿನ ಮೇಡಂ ತಾವೇ ಸ್ಟೇಷನ್ ನೋಡಲಿಕ್ಕೆ ಬರುತ್ತಾರೆ ಅಂತ ಫೋನು ಬಂತು.

ಕೆಟ್ಟದ್ದು ಅಲ್ಲಿಂದ. ಯಾರೋ ನೋಡಲಿಕ್ಕೆ ಬರುತ್ತಾರೆ ಅಂದರೆ ಹೋಟೆಲಿನವರ ಕೈಕಾಲು ಯಾರ ಅಪ್ಪಣೆಯನ್ನೂ ಕಾಯುವುದಿಲ್ಲ. ಹೆಲ್ತ್ ಇನ್ಸ್‌ಪೆಕ್ಟರ್ ಬೀದಿಯ ತುದಿಯಲ್ಲಿ ಕಂಡರೆ ನಮ್ಮಲ್ಲಿ ಗಲ್ಲೆಯಿಂದ "ದೊಡ್ಡಪ್ಪ ಬಂದ್ರು!" ಅಂತ ಒಂದು ಕೂಗು ಬೀಳುತ್ತದೆ. ಅಷ್ಟೇ, ಒಡಕು ಕಪ್ಪು ಮಾಯ, ತೂತು ಬಿದ್ದ ಟವೆಲು ಮಾಯ, ಅಟ್ಟದ ಮೇಲಿನ ಹೊಸ ಲೋಟಗಳು ಕೆಳಗೆ. ನನ್ನ ಗಂಡ ಇದ್ದಾಗಿನಿಂದಲೂ ಹೀಗೆಯೇ ನಡೆದು ಬಂದದ್ದು. ಸ್ಟೇಷನ್ನಿಗೂ ಹಾಗೆಯೇ ಮಾಡಿದೆವು. ಗೋಡೆಗೆ ಸುಣ್ಣ, ಬಾಗಿಲಿಗೆ ಮಾವಿನೆಲೆ, ಮೆಟ್ಟಿಲ ಮುಂದೆ ನನ್ನ ಕೈಯ ರಂಗೋಲಿ. ಲಾಕಪ್ಪಿನಲ್ಲಿದ್ದ ಕಳ್ಳನಿಗೂ ಒಂದು ತೊಳೆದ ಅಂಗಿ. ಕೆಟ್ಟ ಸೆಟ್ಟುಗಳನ್ನೆಲ್ಲ ಒರೆಸಿ ನಮ್ಮ ತರಕಾರಿ ಬುಟ್ಟಿಗೆ ತುಂಬಿ, ಮೇಲೆ ಬಾಳೆಲೆ ಮುಚ್ಚಿ ಹೋಟೆಲಿನ ಉಗ್ರಾಣದಲ್ಲಿ ಅಕ್ಕಿ ಮೂಟೆಯ ಹಿಂದೆ ಇಟ್ಟೆವು. ಇನ್ಸ್‌ಪೆಕ್ಟರ್ ಕೂಡ ನಮಗೆ ತಕ್ಕವರೇ; ಮೇಜು ಬೋಳಾಗಿ ಕಾಣುತ್ತದೆ ಅಂತ ಪಕ್ಕದ ಸ್ಟೇಷನ್ನಿನಿಂದ ನಾಲ್ಕು ಒಳ್ಳೆ ಸೆಟ್ಟು ಕೇಳಿ ತಂದು ಸಾಲಾಗಿ ನಿಲ್ಲಿಸಿದರು.

ಸುಮತಿ ಒಬ್ಬಳು ಬಾಯಿ ಹಾಕಿದಳು. "ಅಜ್ಜಿ, ಕೆಟ್ಟದ್ದನ್ನೇ ಅಲ್ವಾ ಅವರಿಗೆ ತೋರಿಸ್ಬೇಕು?"

"ಕೊಳಕು ತೋರಿಸಿದ್ರೆ ಯಾರು ಮಾರಾಯ್ತಿ ಕೈ ಬಿಚ್ಚುವುದು? ಹೋಗು, ಬೂಟಿಗೆ ಪಾಲಿಶ್ ಹಾಕು" ಅಂದೆ.

ಮೇಡಂ ಬಂದರು. ಹತ್ತಿ ಸೀರೆ, ಸಣ್ಣ ಕುಂಕುಮ, ಯಾವುದನ್ನೂ ಬಿಡದೆ ನೋಡುವ ಕಣ್ಣು. ಅವರ ಕಾರು ಕಂಡದ್ದೇ ಸುಬ್ರಾಯ ಅಭ್ಯಾಸಬಲದಿಂದ "ದೊಡ್ಡಪ್ಪ ಬಂದ್ರು!" ಅಂತ ಕಿರುಚಿದ. ನಮ್ಮ ಸಪ್ಲೈಯರ್ ಹಾರಿ ಬಂದು ಇನ್ಸ್‌ಪೆಕ್ಟರು ಕುಡಿಯುತ್ತಿದ್ದ ಅಂಚು ಒಡೆದ ಟೀ ಲೋಟವನ್ನು ಅವರ ತುಟಿಯಿಂದಲೇ ಕಿತ್ತುಕೊಂಡು ಓಡಿದ. ಮೇಡಂಗೆ ನಾನೇ ಕೇಸರಿಬಾತು ಕೊಟ್ಟೆ. ಅವರು ಸುಣ್ಣ ನೋಡಿದರು, ರಂಗೋಲಿ ನೋಡಿದರು, ಸಾಲಾಗಿ ನಿಂತ ಸೆಟ್ಟುಗಳನ್ನು ನೋಡಿದರು. "ಸ್ಟೇಷನ್ ಯಾವಾಗಲೂ ಹೀಗೇ ಇರುತ್ತದಾ?" ಅಂತ ಕೇಳಿದರು. "ಯಾವಾಗಲೂ ಹೀಗೇ ಮೇಡಂ" ಅಂತ ಇನ್ಸ್‌ಪೆಕ್ಟರ್ ಎದೆ ಉಬ್ಬಿಸಿದರು. ಮೇಡಂ ಒಂದು ಸೆಟ್ಟು ಎತ್ತಿ ಒತ್ತಿದರು. ಪಕ್ಕದ ಕೋಣೆಯಲ್ಲಿ ಕೂತವನೇ ಮಾತಾಡಿದ ಹಾಗೆ ಕಂಟ್ರೋಲ್ ರೂಮಿನ ದನಿ ಸ್ವಚ್ಛವಾಗಿ ಬಂತು. ನಾವೆಲ್ಲ ಸಂತೋಷದಿಂದ ಮುಖ ಮುಖ ನೋಡಿಕೊಂಡೆವು. ಸುಮತಿ ಮಾತ್ರ ಹಣೆಯ ಮೇಲಿನ ಗಾಯದ ಗುರುತನ್ನು ಕೆರೆದುಕೊಳ್ಳುತ್ತಾ ಫ್ಯಾನು ನೋಡುತ್ತಿದ್ದಳು.

ಮಧ್ಯಾಹ್ನ ಪಕ್ಕದ ಸ್ಟೇಷನ್ನಿನವರು ತಮ್ಮ ಸೆಟ್ಟುಗಳನ್ನು ಎತ್ತಿಕೊಂಡು ಹೋದರು. ಅದರ ಬೆನ್ನಿಗೇ ಗಲ್ಲೆಯ ಫೋನು ಬಡಿದುಕೊಂಡಿತು, ಟ್ರಸ್ಟಿನವರದ್ದು. ಮಾತಾಡುತ್ತಾ ಮಾತಾಡುತ್ತಾ ಸುಬ್ರಾಯನ ಮುಖ ಆರಿದ ದೋಸೆಯ ಹಾಗೆ ಆಯಿತು. "ನಮ್ಮ ಸ್ಟೇಷನ್ ಬೇರೆಯವರಿಗೆ ಮಾದರಿಯಂತೆ ಅಮ್ಮ. ತುಂಬಾ ಹೊಗಳಿದರು. ಏನೂ ಇಲ್ಲದ ಕಡೆಗೆ ಮೊದಲು ಕೊಡಬೇಕಲ್ಲ, ನಾಡಿದ್ದು ಮೀಟಿಂಗಿನಲ್ಲಿ ಬೇರೆ ಸ್ಟೇಷನ್ ಹೆಸರು ಹೇಳುತ್ತಾರಂತೆ" ಅಂದ. ಕೇಸರಿಬಾತನ್ನೂ ಹೊಗಳಿದರಂತೆ. ಹೊಗಳಿಕೆ ಸೊಂಟಕ್ಕೆ ಸಿಕ್ಕಿಸಿಕೊಂಡು ದಂಡೆಗೆ ಹೋಗಲಿಕ್ಕೆ ಆಗುತ್ತದಾ?

ಆವತ್ತು ಸಂಜೆಯೂ ಸುಮತಿ ಆ ರಬ್ಬರ್ ಬ್ಯಾಂಡಿನ ಇಟ್ಟಿಗೆಯನ್ನೇ ಉಗ್ರಾಣದಿಂದ ತೆಗೆದು ಸಿಕ್ಕಿಸಿಕೊಂಡು ಹೊರಟಳು. ನಾನು ಅಕ್ಕಿ ಆರಿಸುವ ಮೊರ ಹಿಡಿದು ಹೋಟೆಲಿನ ಬಾಗಿಲಲ್ಲಿ ಕೂತೆ. ಕಲ್ಲನ್ನು ಮೊರದಲ್ಲಿ ಬಿಟ್ಟು ಅಕ್ಕಿಯನ್ನು ಬೀದಿಗೆ ಎಸೆಯುತ್ತಿದ್ದೇನೆ ಅಂತ ಸಪ್ಲೈಯರ್ ಬಂದು ಹೇಳಿದ. ದಂಡೆಯ ಕಡೆಯಿಂದ ಯಾರು ಜೋರಾಗಿ ಕೂಗಿದರೂ ಎದ್ದು ನಿಲ್ಲುತ್ತಿದ್ದೆ. ಅವರು ಮೀನು ಮಾರುವವರು, ಕೂಗುವುದೇ ಅವರ ಕೆಲಸ. ಕೊನೆಗೆ ಬೂಟಿನ ಸದ್ದು ಕೇಳಿತು. ಹಣೆ ನೋಡಿದೆ, ಹೊಸ ಗಾಯ ಇರಲಿಲ್ಲ. "ಎಂತಕ್ಕೆ ತಡ?" ಅಂತ ಗದರಿದೆ. "ತಡ ಇಲ್ಲ ಅಜ್ಜಿ, ದಿನಾ ಬರೋ ಹೊತ್ತೇ" ಅಂದಳು. ಅದು ನಿಜವೂ ಆಗಿತ್ತು.

ಮರುದಿನ ಬೆಳಿಗ್ಗೆ ಇಡ್ಲಿ ಒಲೆಗೆ ಏರುವ ಮೊದಲೇ ಉಗ್ರಾಣಕ್ಕೆ ಹೋಗಿ ಬಾಳೆಲೆ ಸರಿಸಿದೆ. ಇದ್ದುದರಲ್ಲಿ ತೀರಾ ಕೆಟ್ಟದ್ದೊಂದನ್ನು ಆರಿಸಿ ಚೀಲಕ್ಕೆ ಹಾಕಿಕೊಂಡು ಎಗ್ಮೋರಿನ ಬಸ್ಸಿಗೆ ನಿಂತೆ. ಮೇಡಂನ ಮೇಜಿನ ಮೇಲೆ ಇಟ್ಟು, ಇದರಲ್ಲಿ ನಿಮ್ಮ ಮೊಮ್ಮಗಳನ್ನು ಕೂಗಿ ನೋಡಿ ಅನ್ನಬೇಕು, ಬೇರೆ ಮಾತೇ ಬೇಡ ಅಂತ ಲೆಕ್ಕ ಹಾಕಿದ್ದೆ. ಹಲ್ಲು ಬಿದ್ದ ಬಾಯಲ್ಲಿ ಅದನ್ನೇ ತಮಿಳಿನಲ್ಲಿ ಗುಣುಗುಣಿಸಿ ಅಭ್ಯಾಸ ಮಾಡುತ್ತಾ, ಇನ್ನೊಮ್ಮೆ ನೋಡೋಣ ಅಂತ ಚೀಲದಿಂದ ತೆಗೆದರೆ, ಸೆಟ್ಟು ಕನ್ನಡಿಯ ಹಾಗೆ ಹೊಳೆಯುತ್ತಿದೆ! ಹೊರಡುವಾಗ ನನ್ನ ಕೈ ನನ್ನನ್ನು ಕೇಳದೆ ಅದನ್ನು ಒರೆಸಿ, ಅದಕ್ಕೂ ಇದ್ದ ಹಳೇ ರಬ್ಬರ್ ಬ್ಯಾಂಡು ಕಿತ್ತು, ಹೂ ಕಟ್ಟುವ ಹೊಸ ದಾರ ಸುತ್ತಿಬಿಟ್ಟಿತ್ತು. ನಿಂತವರೆಲ್ಲ ನೋಡುತ್ತಿದ್ದಂತೆ ಬಗ್ಗಿ, ದಾರ ಕಿತ್ತೆಸೆದು, ರಸ್ತೆ ಬದಿಯ ಮಣ್ಣನ್ನು ಅದಕ್ಕೆ ತಿಕ್ಕಿ ತಿಕ್ಕಿ ಮೆತ್ತಿದೆ. ಬಸ್ಸು ಬಂತು. ಹತ್ತುವ ಮೊದಲು ಕೈಯನ್ನು ಮಾತ್ರ ಸೆರಗಿನಲ್ಲಿ ಚೆನ್ನಾಗಿ ಒರೆಸಿಕೊಂಡೆ. ಎಷ್ಟಾದರೂ ಮೇಡಂ ಎದುರು ಕೊಳಕು ಕೈಯಲ್ಲಿ ನಿಲ್ಲಲಿಕ್ಕೆ ಆಗುತ್ತದಾ?