ಹದಿನಾರು ಡಿಗ್ರಿಯ ಗಂಟು

ಕುರುಸು ಬರಿಗೈಯಲ್ಲಿ ಯಾರ ಬಾಗಿಲಿಗೂ ಹೋಗುವವನಲ್ಲ. ಅವನು ಕೆಟ್ಟದ್ದೇ ಅದರಿಂದ.

ಜಪಾನಿನ ಕೋಬೆಯ ಪ್ರಯೋಗಾಲಯದಲ್ಲಿ ಬೆಳೆಸಿದ ಕಣ್ಣಿನ ಜೀವಕೋಶಗಳನ್ನು ರೈಲಿನಲ್ಲಿ ಆಸ್ಪತ್ರೆಗೆ ಒಯ್ಯುವುದು ಅವನ ಕೆಲಸ. ಆ ಕೋಶಗಳ ದಿಮಾಕು ಹೇಳತೀರದು. ಫ್ರಿಜ್ಜಿನ ಚಳಿ ಆಗದು, ರೈಲಿನ ಸೆಕೆ ಆಗದು, ಹದಿನಾರು ಡಿಗ್ರಿಯೇ ಬೇಕು. ಪೆಟ್ಟಿಗೆಯೊಳಗಿನ ಮಾಪಕದ ಗೆರೆ ಪ್ರತಿ ಸಲ ಏರುತ್ತಿತ್ತು, ಮುಖ್ಯಸ್ಥೆ ಹಿರಾಯಿ ಪ್ರತಿ ಸಲ ಬೈಯುತ್ತಿದ್ದರು. ಸಾಕಾಗಿ ಅವನು ಕಡತ ವಿಭಾಗಕ್ಕೆ ವರ್ಗ ಕೇಳಿದ್ದ, ಸಿಕ್ಕಿಯೂ ಇತ್ತು. ಇಂದಿನದೇ ಕೊನೆಯ ಪೆಟ್ಟಿಗೆ.

ಕೊನೆಯ ದಿನವೆಂದು ಹೆಡ್ ನರ್ಸ್ ಉಮೆನೊಗೆ ಒಂದು ಡಬ್ಬಿ ಸಿಹಿ ಕೊಂಡ. ಜೀವಕೋಶದ ಚೀಟಿ ಕಂಡು ರೈಲಿನವರು ಗಾಬರಿಯಾಗಬಾರದೆಂದು ಪೆಟ್ಟಿಗೆಗೆ ಬಟ್ಟೆ ಸುತ್ತುವುದು ರೂಢಿ. ಸಿಹಿಗೂ ಅಂಥದೇ ನೇರಳೆ ಬಟ್ಟೆ ಸುತ್ತಿದ. ಆಸ್ಪತ್ರೆ ತಲುಪಿ ಒಂದು ಗಂಟನ್ನು ಬಾಗಿ ಉಮೆನೊಗೆ ಕೊಟ್ಟ, ಇನ್ನೊಂದನ್ನು ಡಾಕ್ಟರಿಗೆ.

ಡಾಕ್ಟರು ಬಿಚ್ಚಿದರು. ಒಳಗೆ ಹನ್ನೆರಡು ಚೆಸ್ಟ್‌ನಟ್ ಉಂಡೆ.

"ಕುರುಸು ಅವ್ರೇ, ಇದನ್ನ ಅಜ್ಜಿ ಕಣ್ಣಿಗೆ ಹಾಕ್ಲಾ?"

ಒಳಗೆ ಬಟ್ಟೆ ಹೊಲಿದು ಬದುಕುವ ಕಾಜಿ ಅಜ್ಜಿ ಕಣ್ಣಿನ ಶಸ್ತ್ರಚಿಕಿತ್ಸೆಗೆ ಮಲಗಿದ್ದರು. ಹತ್ತು ತಿಂಗಳು ಬೆಳೆಸಿದ ಕೋಶ, ಇದ್ದದ್ದು ಅದೊಂದೇ. ಮೂರು ಗಂಟೆ ದಾಟಿದರೆ ಕಸಕ್ಕೆ. ಕುರುಸು ಉಮೆನೊ ಬಳಿಗೆ ಓಡಿದ.

"ನಾವು ಕಾಣಿಕೆ ಇಟ್ಕೊಳ್ಳೋ ಹಾಗಿಲ್ವಲ್ಲ," ಎಂದಳು ಉಮೆನೊ. "ಬೇಡ ಅಂದ್ರೆ ನಿಮಗೆ ಬೇಜಾರು. ಅದಕ್ಕೆ ಗೇಟು ಕಾಯೋ ತೊಕಿತಾ ತಾತಂಗೆ ದಾಟಿಸ್ದೆ. ಈಗ್ತಾನೆ ಮನೆಗೆ ಹೋದ್ರು."

"ಬಿಚ್ಚಿ ನೋಡ್ಲಿಲ್ವಾ?"

"ಕೊಟ್ಟೋರ ಎದುರಿಗೇ ಬಿಚ್ಚೋದಾ? ನಂಗೇನು ಮರ್ಯಾದೆ ಇಲ್ವಾ?"

ಆಸ್ಪತ್ರೆಯ ಹಿಂದಿನ ಓಣಿಗೆ ಕುರುಸು ಬಿದ್ದಂಬೀಳ ಓಡಿದ. ತಾತನ ಮನೆಯಲ್ಲಿ, ತೀರಿಹೋದ ಹೆಂಡತಿಯ ಪಟದ ಮುಂದೆ, ನೇರಳೆ ಗಂಟು! ಪಕ್ಕದಲ್ಲಿ ಊದುಬತ್ತಿ.

"ತಾತ, ಅದು ನಂದು!"

"ಯಾರದ್ದಾದ್ರೂ ಆಗ್ಲಿ, ಈ ಮನೇಲಿ ಮೊದ್ಲು ಅವಳಿಗೆ. ಅವಳಿಗೆ ಸೆಕೆ ಆಗ್ದು ಅಂತ ಈ ಕೋಣೇಲಿ ಹೀಟರ್ ಕೂಡ ಹಾಕಲ್ಲ ನಾನು. ಕೂತ್ಕೋ, ಗಂಟೆ ಹೊಡಿ."

ಕುರುಸು ಮೊಣಕಾಲೂರಿ ಗಂಟೆ ಹೊಡೆದ. ಕಾಜಿ ಅಜ್ಜಿಯ ನೆನಪಾಗಿ ಬಿಕ್ಕಿಬಿಕ್ಕಿ ಅತ್ತ. ಆಗ ಎರಡೂಕಾಲು.

"ಅಷ್ಟು ಗೊತ್ತಿತ್ತಾ ನಿಂಗೆ ಅವಳು?" ತಾತ ಅರ್ಧ ಗಂಟೆ ಅವಳ ಕತೆ ಹೇಳಿದ. ಆಮೇಲೆ ಗಂಟು ಕೈಗೆ ಬಂತು.

ಮೂರಕ್ಕೆ ಹತ್ತು ನಿಮಿಷ ಇರುವಾಗ ಪೆಟ್ಟಿಗೆ ತಲುಪಿತು. ಅಜ್ಜಿಯ ಕಣ್ಣು ಉಳಿಯಿತು. ಆದರೆ ಹಿರಾಯಿಗೆ ಸುದ್ದಿ ಹೋಗಿತ್ತು.

"ಏನೇನ್ ಮಾಡಿದ್ರೋ ಒಂದೂ ಬಿಡದೆ ಬರೆದುಕೊಡಿ."

ಕೆಲಸ ಹೋಯಿತೆಂದುಕೊಂಡೇ ಕುರುಸು ಎಲ್ಲ ಬರೆದ. ಮರುದಿನ ಬೆಳಿಗ್ಗೆ ಹಿರಾಯಿ ಎದ್ದು ನಿಂತು ಬಾಗಿದರು. ಮೇಜಿನ ಮೇಲೆ ಮಾಪಕದ ಗೆರೆ, ಕೊನೆಗೆ ಇಸ್ತ್ರಿ ಮಾಡಿದಂತೆ ನೇರ.

"ರೈಲಲ್ಲಿ ಏರಿದ್ದು ಆಮೇಲೆ ತಣ್ಣಗೆ ಹದಿನಾರಕ್ಕೆ ಬಂದು ನಿಂತಿದೆ! ಇನ್ಮೇಲೆ ಇದೇ ಕ್ರಮ. ನಿಮ್ಮ ವರ್ಗ ರದ್ದು."

ಕುರುಸು ಹೊಸ ಕೈಪಿಡಿ ತೆರೆದ. ಹಂತ ನಾಲ್ಕು, ಪೆಟ್ಟಿಗೆಯನ್ನು ನರ್ಸಿಗೆ ತಪ್ಪಾಗಿ ಕೊಡುವುದು. ಹಂತ ಎಂಟು, ಊದುಬತ್ತಿ. ಹಂತ ಹತ್ತು, ಅಳುವುದು.

"ಮೇಡಂ, ಅಳೋದೂ ಬೇಕಾ?"

"ಯಾವುದ್ರಿಂದ ಸರಿಹೋಯ್ತೋ ಗೊತ್ತಿಲ್ವಲ್ಲ, ಯಾವುದನ್ನೂ ಬಿಡೋ ಹಾಗಿಲ್ಲ."

ಕುರುಸುವಿನ ಕಣ್ಣು ತುಂಬಿ ಬಂತು. ಹಿರಾಯಿ ಗಡಿಯಾರ ನೋಡಿದರು.

"ಈಗ್ಲೇ ಬೇಡ ಕುರುಸು ಅವ್ರೇ. ಅದು ಎರಡೂಕಾಲಿಗೆ."